ಟ್ರಿನಿಡಾಡ್‌ಗೆ ಹೊರಟಿದ್ದೀರಾ? ಜಾಗದ ಜೊತೆ ಹೊತ್ತನ್ನೂ ಬರೆದಿಟ್ಟುಕೊಳ್ಳಿ

ಟ್ರಿನಿಡಾಡ್‌ನಲ್ಲಿ ಬೆಳಗ್ಗೆ ಆರಕ್ಕೆ ಎದ್ದವರಿಗೆ ಸಿಗುವ ತಿಂಡಿ ಹತ್ತಕ್ಕೆ ಎದ್ದವರಿಗೆ ಸಿಗುವುದಿಲ್ಲ. ಸಂಜೆ ನಾಲ್ಕರ ದೋಣಿ ತಪ್ಪಿದರೆ ಅವತ್ತಿನ ಕೆಂಪು ಹಕ್ಕಿಗಳೂ ತಪ್ಪಿದ ಹಾಗೆ. ಆಮೆ ನೋಡಬೇಕಾದರೆ ರಾತ್ರಿ ನಿದ್ದೆ ಬಿಡಬೇಕು. ಸಮುದ್ರದೊಳಗಿನ ದೇವಸ್ಥಾನ ಭರತದಲ್ಲಿ ಒಂದು ಥರ ಕಾಣುತ್ತದೆ, ಇಳಿತದಲ್ಲಿ ಇನ್ನೊಂದು ಥರ. ನಾನು ಈ ದ್ವೀಪಕ್ಕೆ ಎರಡು ಸಲ ಹೋಗಿದ್ದೇನೆ. ಮೊದಲ ಸಲ ನೋಡುವ ಜಾಗಗಳ ಪಟ್ಟಿ ಹಿಡಿದು ಹೋಗಿದ್ದೆ, ಅರ್ಧಕ್ಕರ್ಧ ತಪ್ಪಿಹೋಯಿತು. ಎರಡನೇ ಸಲ ಪ್ರತಿ ಜಾಗದ ಪಕ್ಕ ಅದರ ಹೊತ್ತನ್ನೂ ಬರೆದುಕೊಂಡೆ. ಆ ಪಟ್ಟಿಯನ್ನೇ ಇಲ್ಲಿ ಬಿಡಿಸಿ ಹೇಳುತ್ತಿದ್ದೇನೆ.

ಮೊದಲಿಗೆ ಒಂದು ಮಾತು. ಟ್ರಿನಿಡಾಡ್ ರೆಸಾರ್ಟುಗಳ ದ್ವೀಪ ಅಲ್ಲ. ಇದು ಕೆರಿಬಿಯನ್ ಸಮುದ್ರದಲ್ಲಿ, ದಕ್ಷಿಣ ಅಮೆರಿಕದ ವೆನೆಜುವೆಲಾ ತೀರಕ್ಕೆ ತೀರಾ ಹತ್ತಿರ, ಎರಡರ ನಡುವೆ ಕಡಿಮೆ ಅಂದರೆ 11 ಕಿಲೋಮೀಟರ್ ನೀರು ಅಷ್ಟೇ. ತೈಲ ಮತ್ತು ಅನಿಲ ಈ ದೇಶದ ಕಸುಬು. ಹಾಗಾಗಿ ಊರು ಪ್ರವಾಸಿಗರಿಗೆಂದು ಬಾಗಿಲು ತೆರೆದು ಕೂತಿರುವುದಿಲ್ಲ, ತನ್ನ ಪಾಡಿಗೆ ತಾನು ಬದುಕುತ್ತಿರುತ್ತದೆ. ನನಗೆ ಇಷ್ಟವಾದದ್ದೇ ಅದು. ಬರೀ ಬೀಚಿನಲ್ಲಿ ಮಲಗಿ ಬರೋಣ ಅನ್ನುವವರು ಸೀದಾ ಇದೇ ದೇಶದ ಇನ್ನೊಂದು ದ್ವೀಪ, ಪಕ್ಕದ ಟೊಬಾಗೋಗೆ ಹೋಗಬಹುದು. ಜನ, ಊಟ, ಹಕ್ಕಿ, ಕ್ರಿಕೆಟ್ಟು ಬೇಕು ಅನ್ನುವವರು ಟ್ರಿನಿಡಾಡ್‌ಗೆ ಐದು ದಿನವಾದರೂ ಇಡಿ.

ಹೆಜ್ಜೆ 1: ಟಿಕೆಟ್‌ಗೂ ಮೊದಲು ಹಳದಿ ಕಾರ್ಡ್

ಇದನ್ನು ಬಹಳ ಜನ ಮರೆಯುತ್ತಾರೆ. ಪ್ರವಾಸಕ್ಕೆ ಹೋಗುವ ಭಾರತದ ಪಾಸ್‌ಪೋರ್ಟ್‌ನವರಿಗೆ 90 ದಿನದವರೆಗೆ ಮೊದಲೇ ವೀಸಾ ತೆಗೆಯುವ ಕೆಲಸ ಇಲ್ಲ. ನಿಯಮ ಬದಲಾಗುತ್ತಾ ಇರುತ್ತದೆ, ಹೊರಡುವ ಮುಂಚೆ ಒಮ್ಮೆ ಖಚಿತ ಮಾಡಿಕೊಳ್ಳಿ. ತೊಂದರೆ ಬರುವುದು ಹೋಗುವಾಗ ಅಲ್ಲ, ವಾಪಸ್ ಬರುವಾಗ. ಹಳದಿ ಜ್ವರ ಇರುವ ದೇಶಗಳು ಅಂತ ಭಾರತ ಇಟ್ಟುಕೊಂಡಿರುವ ಪಟ್ಟಿಯಲ್ಲಿ ಟ್ರಿನಿಡಾಡ್ ಇದೆ. ಅಲ್ಲಿಂದ ಹೊರಟ 6 ದಿನದೊಳಗೆ ನೀವು ಭಾರತಕ್ಕೆ ಬಂದಿಳಿದರೆ ಆ ಜ್ವರದ ಲಸಿಕೆ ಹಾಕಿಸಿದ ಹಳದಿ ಬಣ್ಣದ ಕಾರ್ಡ್ ತೋರಿಸಬೇಕು. ಇಲ್ಲದಿದ್ದರೆ ಪ್ರತ್ಯೇಕವಾಗಿ ಇರಿಸುತ್ತಾರೆ.

ಲಸಿಕೆ ಎಲ್ಲ ಆಸ್ಪತ್ರೆಯಲ್ಲೂ ಸಿಗುವುದಿಲ್ಲ. ಸರ್ಕಾರ ಒಪ್ಪಿದ ಕೇಂದ್ರಗಳಲ್ಲಿ ಮಾತ್ರ, ಅದೂ ಕೆಲವು ಕಡೆ ವಾರದಲ್ಲಿ ಒಂದೆರಡು ದಿನ. ಚುಚ್ಚಿಸಿಕೊಂಡ 10 ದಿನದ ನಂತರವೇ ಕಾರ್ಡಿಗೆ ಬೆಲೆ. ಹಾಗಾಗಿ ಒಂದು ತಿಂಗಳು ಮೊದಲೇ ಮುಗಿಸಿ. ಒಮ್ಮೆ ಹಾಕಿಸಿಕೊಂಡರೆ ಜೀವನಪೂರ್ತಿ ಸಾಕು. ಮನೆಯಲ್ಲಿ ಅರವತ್ತು ದಾಟಿದವರು ಅಥವಾ ಮೊಟ್ಟೆಯ ಅಲರ್ಜಿ ಇರುವವರು ಬರುತ್ತಿದ್ದರೆ ಮೊದಲು ಡಾಕ್ಟರ್ ಹತ್ತಿರ ಮಾತಾಡಿ.

ಭಾರತದಿಂದ ನೇರ ವಿಮಾನ ಇಲ್ಲ. ಅಮೆರಿಕದಲ್ಲಿ ವಿಮಾನ ಬದಲಿಸಿದರೆ, ಏರ್‌ಪೋರ್ಟ್ ಬಿಟ್ಟು ಹೊರಗೆ ಬರದಿದ್ದರೂ, ಅಮೆರಿಕದ ವೀಸಾ ಬೇಕೇ ಬೇಕು. ಬೇರೆ ಯಾವ ದೇಶದ ಮೂಲಕ ಹೋದರೂ ಟ್ರಾನ್ಸಿಟ್ ನಿಯಮ ನೋಡಿಕೊಂಡೇ ಟಿಕೆಟ್ ತೆಗೆಯಿರಿ. ಅಮೆರಿಕದಲ್ಲೇ ಇರುವ ಕನ್ನಡಿಗರಿಗೆ ಇದು ಸುಲಭ. ನ್ಯೂಯಾರ್ಕ್‌ನಿಂದ ಸುಮಾರು ಐದು ಗಂಟೆ, ಮಯಾಮಿಯಿಂದ ನಾಲ್ಕು ಗಂಟೆಯೊಳಗೆ.

ಪೆಟ್ಟಿಗೆ ಕಟ್ಟುವಾಗ ಎರಡು ವಿಷಯ ನೆನಪಿರಲಿ. ಅಲ್ಲಿ ಕರೆಂಟು 115 ವೋಲ್ಟ್, ಪ್ಲಗ್ ಅಮೆರಿಕದ ಥರದ್ದು. ಇನ್ನೊಂದು, ಮಿಲಿಟರಿಯವರ ಹಸಿರು ಚುಕ್ಕೆ ಮಾದರಿಯ ಬಟ್ಟೆ, ಟೋಪಿ, ಬ್ಯಾಗು ಯಾವುದನ್ನೂ ತೆಗೆದುಕೊಂಡು ಹೋಗಬೇಡಿ. ಸಾಮಾನ್ಯ ಜನ ಅದನ್ನು ಹಾಕಿಕೊಳ್ಳುವುದು ಅಲ್ಲಿ ಕಾನೂನಿಗೆ ವಿರುದ್ಧ. ಮಕ್ಕಳ ಪ್ಯಾಂಟನ್ನೂ ಒಮ್ಮೆ ನೋಡಿಕೊಳ್ಳಿ.

ಹೆಜ್ಜೆ 2: ತಿಂಗಳು ಆರಿಸಿಕೊಳ್ಳಿ

ಜನವರಿಯಿಂದ ಮೇವರೆಗೆ ಒಣ ಹವೆ, ಜೂನ್‌ನಿಂದ ಡಿಸೆಂಬರ್‌ವರೆಗೆ ಮಳೆ. ಮಳೆ ಅಂದರೆ ನಮ್ಮ ಮಲೆನಾಡಿನ ಹಾಗೆ ಹಿಡಿದು ಹೊಡೆಯುವ ಮಳೆ ಅಲ್ಲ, ಜೋರಾಗಿ ಬಂದು ಬಿಟ್ಟುಹೋಗುತ್ತದೆ.

ಗಲಾಟೆ, ಸಂಗೀತ, ಬಣ್ಣ ಬೇಕೆಂದರೆ ಕಾರ್ನಿವಲ್‌ಗೆ ಹೋಗಿ. ಅದು ಕ್ರೈಸ್ತರ ಉಪವಾಸದ ಕಾಲ ಶುರುವಾಗುವ ಆ್ಯಷ್ ವೆನ್ಸ್‌ಡೇ ಹಿಂದಿನ ಸೋಮವಾರ ಮತ್ತು ಮಂಗಳವಾರ, 2027ರಲ್ಲಿ ಫೆಬ್ರವರಿ 8 ಮತ್ತು 9. ಆಗ ರೂಮಿನ ಬಾಡಿಗೆ ಏರುತ್ತದೆ, ತಿಂಗಳುಗಟ್ಟಲೆ ಮೊದಲೇ ಹಿಡಿಯಬೇಕು. ಆಮೆಗಳು ಬೇಕೆಂದರೆ ಮಾರ್ಚ್‌ನಿಂದ ಆಗಸ್ಟ್. ನನ್ನನ್ನು ಕೇಳಿದರೆ ಏಪ್ರಿಲ್ ಕೊನೆ ಅಥವಾ ಮೇ ತಿಂಗಳು ಹೇಳುತ್ತೇನೆ. ಮಳೆ ಇನ್ನೂ ಬಂದಿರುವುದಿಲ್ಲ, ಆಮೆಗಳು ಬಂದಿರುತ್ತವೆ. ಮೇ 30ರವರೆಗೆ ಇದ್ದರೆ ಇನ್ನೂ ಒಳ್ಳೆಯದು. ಅವತ್ತು ಇಂಡಿಯನ್ ಅರೈವಲ್ ಡೇ, ದೇಶಕ್ಕೇ ರಜೆ.

1845ರ ಮೇ 30ರಂದು ಫತೇಲ್ ರಜಾಕ್ ಎಂಬ ಹಡಗು ಕಲ್ಕತ್ತಾದಿಂದ ಇನ್ನೂರಕ್ಕೂ ಜಾಸ್ತಿ ಜನರನ್ನು ಹೊತ್ತು ಇಲ್ಲಿಗೆ ಬಂತು. ಕಬ್ಬಿನ ತೋಟಕ್ಕೆ ಕರಾರಿನ ಕೂಲಿಗಳಾಗಿ ಬಂದವರು ಅವರು. 1917ರವರೆಗೆ ಹೀಗೆ ಬಂದವರ ಲೆಕ್ಕ ಸುಮಾರು 1.44 ಲಕ್ಷ. ಹೆಚ್ಚಿನವರು ಭೋಜ್‌ಪುರಿ ಸೀಮೆಯವರು, ಕೆಲವರು ಮದ್ರಾಸಿನಿಂದ ಹಡಗು ಹತ್ತಿದವರು. ಇವತ್ತು ದೇಶದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಜನ ಅವರ ಮಕ್ಕಳು, ಮೊಮ್ಮಕ್ಕಳು. ದೀಪಾವಳಿಗೆ 1966ರಿಂದಲೇ ಅಲ್ಲಿ ಸರ್ಕಾರಿ ರಜೆ ಇದೆ. ಆ ಹೊತ್ತಿಗೆ ಹೋಗುವವರು ಚಗ್ವಾನಸ್ ಊರಿನ ದಿವಾಲಿ ನಗರ ಉತ್ಸವ ನೋಡಿ. ಹಬ್ಬದ ರಾತ್ರಿ ಪಕ್ಕದ ಫೆಲಿಸಿಟಿ ಹಳ್ಳಿಯಲ್ಲಿ ಸುಮ್ನೆ ನಡೆದಾಡಿ. ಬಿದಿರು ಸೀಳಿ, ಬಾಗಿಸಿ, ಅದರ ಮೇಲೆ ಸಾಲು ಹಣತೆ ಇಟ್ಟಿರುತ್ತಾರೆ.

ಹೆಜ್ಜೆ 3: ಉಳಿಯುವುದು, ಓಡಾಡುವುದು

ರಾಜಧಾನಿ ಪೋರ್ಟ್ ಆಫ್ ಸ್ಪೇನ್‌ನ ವುಡ್‌ಬ್ರುಕ್ ಅಥವಾ ಸೇಂಟ್ ಕ್ಲೇರ್ ಬಡಾವಣೆಯಲ್ಲಿ ಉಳಿದರೆ ಅನುಕೂಲ. ಊಟ ಹತ್ತಿರ, ಕ್ರಿಕೆಟ್ ಮೈದಾನ ಹತ್ತಿರ.

ಸಾರ್ವಜನಿಕ ಓಡಾಟಕ್ಕೆ ಮ್ಯಾಕ್ಸಿ ಟ್ಯಾಕ್ಸಿ ಇದೆ, ನಮ್ಮ ಮ್ಯಾಕ್ಸಿಕ್ಯಾಬ್ ಥರದ ವ್ಯಾನು. ಮೈಮೇಲಿನ ಪಟ್ಟಿಯ ಬಣ್ಣ ನೋಡಿ ಹತ್ತಬೇಕು. ಕೆಂಪು ಪಟ್ಟಿ ಪೂರ್ವದ ಕಡೆಗೆ, ಹಸಿರು ಪಟ್ಟಿ ಚಗ್ವಾನಸ್ ಮತ್ತು ಸ್ಯಾನ್ ಫರ್ನಾಂಡೋ ಕಡೆಗೆ, ಹಳದಿ ಪಟ್ಟಿ ರಾಜಧಾನಿಯ ಪಶ್ಚಿಮಕ್ಕೆ. ಸಿಟಿ ಗೇಟ್ ಅನ್ನುವುದು ದೊಡ್ಡ ನಿಲ್ದಾಣ. ಟ್ಯಾಕ್ಸಿ ಕಾರಿನ ನಂಬರ್ ‘ಎಚ್’ ಅಕ್ಷರದಿಂದ ಶುರುವಾಗುತ್ತದೆ. ‘ಪಿ’ ಇದ್ದರೆ ಅದು ಯಾರದೋ ಸ್ವಂತ ಕಾರು, ಕೂಗಿ ಕರೆದರೂ ಹತ್ತಬೇಡಿ. ಸ್ವಂತ ಡ್ರೈವಿಂಗ್ ಮಾಡುವವರಿಗೆ ರಸ್ತೆ ನಮ್ಮ ಹಾಗೇ ಎಡಗಡೆ. ಅಂತರರಾಷ್ಟ್ರೀಯ ಪರ್ಮಿಟ್ ಮಾಡಿಸಿಕೊಂಡು ಹೋಗಿ.

ಅಪರಾಧದ ವಿಷಯ ಮುಚ್ಚಿಡುವುದು ಸರಿಯಲ್ಲ. ರಾಜಧಾನಿಯ ಕೆಲವು ಭಾಗಗಳಲ್ಲಿ ಅದು ನಿಜವಾದ ಸಮಸ್ಯೆ. ಕತ್ತಲಾದ ಮೇಲೆ ಪೇಟೆಯ ನಡುಭಾಗದಲ್ಲಿ ನಡೆದು ಹೋಗಬೇಡಿ, ಲಾವೆಂಟಿಲ್ ಬೆಟ್ಟದ ಕಡೆ ಸುತ್ತಾಡಲು ಹೋಗಬೇಡಿ, ಚಿನ್ನ ಮನೆಯಲ್ಲೇ ಇರಲಿ. ರಾತ್ರಿ ಓಡಾಟಕ್ಕೆ ಉಳಿದುಕೊಂಡ ಮನೆಯವರು ಹೇಳಿದ ಡ್ರೈವರ್ ಸಾಕು.

ಹೆಜ್ಜೆ 4: ಮೊದಲ ಬೆಳಗ್ಗೆ, ಆರೂವರೆಗೆ, ಡಬಲ್ಸ್

ಇದಕ್ಕೆ ಅಲಾರಂ ಇಟ್ಟುಕೊಂಡು ಏಳಿ. ಡಬಲ್ಸ್ ಅಂದರೆ ಎರಡು ‘ಬಾರಾ’, ಮಧ್ಯೆ ಕಡಲೆ ಪಲ್ಯ. ಬಾರಾ ಅನ್ನುವ ಹೆಸರು ನಮ್ಮ ವಡೆಯ ಉತ್ತರದ ನೆಂಟ. ಆದರೆ ಇದು ವಡೆ ಅಲ್ಲ, ಅರಿಶಿನ ಹಾಕಿ ಉಬ್ಬಿಸಿದ ಮೈದಾ ಹಿಟ್ಟಿನ ಮೆತ್ತಗಿನ ಪೂರಿ. ಪ್ರಿನ್ಸೆಸ್ ಟೌನ್ ಕಡೆ 1930ರ ದಶಕದಲ್ಲಿ ಹುಟ್ಟಿದ ತಿಂಡಿ. ಈಗ ಇಡೀ ದೇಶದ ಬೆಳಗಿನ ಉಪಾಹಾರ.

ಗಾಡಿಯ ಹತ್ತಿರ ನಿಂತು ಆ ಕೈಗಳನ್ನು ನೋಡಬೇಕು. ಬಟ್ಟೆ ಮುಚ್ಚಿದ ಡಬ್ಬಿಯಿಂದ ಎರಡು ಬಾರಾ ಎಳೆದು ಎಣ್ಣೆ ಕಾಗದದ ಮೇಲೆ ಸ್ವಲ್ಪ ಒಂದರ ಮೇಲೊಂದು ಬರುವ ಹಾಗೆ ಹಾಸುತ್ತಾರೆ. ಒಂದು ಚಮಚ ಬಿಸಿ ಕಡಲೆ. ಅದರ ಮೇಲೆ ಹುಣಸೆ ಗೊಜ್ಜು, ಸೌತೆಕಾಯಿ ತುರಿ, ಮಾವಿನಕಾಯಿಯ ಉಪ್ಪಿನಕಾಯಿ ‘ಕುಚೇಲಾ’. ಕಾಗದದ ಎರಡು ತುದಿ ಹಿಡಿದು ಒಂದು ಸುತ್ತು ತಿರುಗಿಸಿದರೆ ಪೊಟ್ಟಣ ರೆಡಿ. ನಿಮ್ಮ ಸರದಿ ಬಂದಾಗ ಕೇಳುವುದು ಒಂದೇ ಪ್ರಶ್ನೆ, ಖಾರ ಎಷ್ಟು? ‘ಸ್ಲೈಟ್’ ಅನ್ನಿ. ನಾವು ಗುಂಟೂರು, ಬ್ಯಾಡಗಿ ತಿಂದು ಬೆಳೆದವರು ಅಂತ ಧೈರ್ಯ ಮಾಡಬೇಡಿ. 2012ರಲ್ಲಿ ಜಗತ್ತಿನಲ್ಲೇ ಅತಿ ಖಾರದ ಮೆಣಸು ಅನ್ನಿಸಿಕೊಂಡ ಮೊರೂಗಾ ಸ್ಕಾರ್ಪಿಯನ್ ಹುಟ್ಟಿದ್ದು ಇದೇ ದ್ವೀಪದ ಮೊರೂಗಾ ಸೀಮೆಯಲ್ಲಿ.

ಸಸ್ಯಾಹಾರಿಗಳು ಇಲ್ಲಿ ಉಪವಾಸ ಬೀಳುವುದಿಲ್ಲ. ಒಂದು ಸಂಜೆ ದಕ್ಷಿಣದ ಡೆಬೆ ಊರಿನ ರಸ್ತೆ ಬದಿಯ ಅಂಗಡಿಗಳಿಗೆ ಹೋಗಿ. ‘ಸಹೀನಾ’ ಕೇಳಿ. ಕೆಸುವಿನ ಎಲೆಗೆ ಬೇಳೆ ಹಿಟ್ಟು ಸವರಿ, ಸುತ್ತಿ, ಕತ್ತರಿಸಿ ಕರಿದದ್ದು. ಮೊದಲ ತುತ್ತಿಗೇ ಪತ್ರೊಡೆ ನೆನಪಾಯಿತು. ಪತ್ರೊಡೆ ತಿಂದು ಬೆಳೆದ ಯಾರಿಗಾದರೂ ಆಗುತ್ತದೆ. ಮಧ್ಯಾಹ್ನಕ್ಕೆ ರೋಟಿ ಅಂಗಡಿಯಲ್ಲಿ ‘ಬಸ್ಸಪ್ ಶಟ್’ ಹೇಳಿ. ಚಿಂದಿ ಚಿಂದಿ ಮಾಡಿದ ಪರೋಟ, ಹರಿದ ಅಂಗಿಯ ಹಾಗಿದೆ ಅಂತ ಆ ಹೆಸರು. ಜೊತೆಗೆ ಕುಂಬಳಕಾಯಿ ಪಲ್ಯ, ಬದನೆಕಾಯಿ ಸುಟ್ಟು ಮಾಡಿದ ಚೋಕಾ ಹಾಕಿಸಿಕೊಳ್ಳಿ.

ಹೆಜ್ಜೆ 5: ಒಂದು ಪೂರ್ತಿ ದಿನ, ನಡುನಾಡಿಗೆ

ಸಮಯ ಕಡಿಮೆ ಇದ್ದು ಒಂದೇ ದಿನ ಉಳಿಸಿಕೊಳ್ಳಬೇಕಾದರೆ ಇದನ್ನೇ ಉಳಿಸಿಕೊಳ್ಳಿ. ಬೆಳಗ್ಗೆ ಒಂಬತ್ತರ ಹೊತ್ತಿಗೆ ರಾಜಧಾನಿಯಿಂದ ದಕ್ಷಿಣಕ್ಕೆ ಹೊರಡಿ. ಆ ಹೊತ್ತಿಗೆ ಟ್ರಾಫಿಕ್ಕೆಲ್ಲ ಎದುರು ದಿಕ್ಕಿನಿಂದ ರಾಜಧಾನಿಗೆ ನುಗ್ಗುತ್ತಿರುತ್ತದೆ, ನಿಮ್ಮ ಕಡೆ ರಸ್ತೆ ಹಗುರ.

ಮೊದಲು ಕ್ಯಾರಪಿಚೈಮಾ. ಕಬ್ಬು ಬೆಳೆಯುತ್ತಿದ್ದ ಬಯಲು. ದೂರದಿಂದಲೇ ಹನುಮಂತ ಕಾಣುತ್ತಾನೆ, 85 ಅಡಿ. ಇದು ದತ್ತಾತ್ರೇಯ ಯೋಗ ಕೇಂದ್ರ, ನಮ್ಮ ಮೈಸೂರಿನ ಊಟಿ ರಸ್ತೆಯ ಗಣಪತಿ ಸಚ್ಚಿದಾನಂದ ಆಶ್ರಮದ ಶಾಖೆ. 2003ರಲ್ಲಿ ಮೂರ್ತಿಯ ಪ್ರತಿಷ್ಠೆ ಆಯಿತು. ದೇವಸ್ಥಾನ ಪೂರ್ತಿ ದಕ್ಷಿಣ ಭಾರತದ ಶೈಲಿ. ಸುತ್ತಮುತ್ತಲಿನ ಮಂದಿರಗಳೆಲ್ಲ ಉತ್ತರದ ಥರ ಗುಮ್ಮಟ ಇಟ್ಟುಕೊಂಡಿರುವಾಗ, ಗೋಪುರದ ಮೇಲಿನ ಬಣ್ಣದ ಬೊಂಬೆಗಳನ್ನು ಕಂಡರೆ ನಮ್ಮವರ ಹೆಜ್ಜೆ ತಾನಾಗಿ ನಿಧಾನವಾಗುತ್ತದೆ. ಚಪ್ಪಲಿ ಬಿಟ್ಟು ಮೂರ್ತಿಗೆ ಪ್ರದಕ್ಷಿಣೆ ಹಾಕಿ. ಬಿಸಿಲೇರಿದ ಮೇಲೆ ನೆಲ ಸುಡುತ್ತದೆ, ಅದಕ್ಕೇ ಬೆಳಗ್ಗೆಯೇ ಹೋಗಿ ಅಂದದ್ದು.

ಅಲ್ಲಿಂದ ವಾಟರ್‌ಲೂ ಕಡೆ ಹೋಗುವಾಗ ಮನೆಗಳ ಅಂಗಳ ನೋಡುತ್ತಾ ಹೋಗಿ. ಬಿದಿರು ಗಳಕ್ಕೆ ಕಟ್ಟಿದ ಕೆಂಪು, ಹಳದಿ, ಬಿಳಿ ಬಾವುಟಗಳು. ‘ಝಂಡಿ’ ಅನ್ನುತ್ತಾರೆ. ಮನೆಯಲ್ಲಿ ಪೂಜೆ ಆದಾಗ ನೆಡುತ್ತಾರೆ, ದೇವರಿಗೊಂದು ಬಣ್ಣ. ಹಳೆಯವು ಬಿಸಿಲಿಗೆ ಮಾಸಿರುತ್ತವೆ, ಪಕ್ಕದಲ್ಲೇ ಹೊಸದು ನೆಟ್ಟಿರುತ್ತಾರೆ.

ದಾರಿಯಲ್ಲಿ ಇಂಡಿಯನ್ ಕೆರಿಬಿಯನ್ ಮ್ಯೂಸಿಯಂ ಸಿಗುತ್ತದೆ, ಚಿಕ್ಕದು. ಅಲ್ಲಿ ಅರ್ಧ ಗಂಟೆ ಕಳೆದು ಮುಂದೆ ಹೋದರೆ ಮುಂದಿನದ್ದು ಚೆನ್ನಾಗಿ ಅರ್ಥವಾಗುತ್ತದೆ.

ಸಮುದ್ರದ ದೇವಸ್ಥಾನದ ಕಥೆ ತಿಳಿದುಕೊಂಡೇ ಅಲ್ಲಿಗೆ ಹೋಗಬೇಕು. ಸೀವ್‌ದಾಸ್ ಸಾಧು ಭಾರತದಿಂದ ಚಿಕ್ಕವನಿದ್ದಾಗ ಬಂದವರು, ಕಬ್ಬಿನ ತೋಟದ ಕೂಲಿ. 1947ರಲ್ಲಿ ತೀರದಲ್ಲಿ ಒಂದು ಪುಟ್ಟ ಗುಡಿ ಕಟ್ಟಿದರು. ಆ ನೆಲ ಸಕ್ಕರೆ ಕಂಪನಿಯದ್ದು. ಕೆಡವು ಅಂದರು, ಇವರು ಒಪ್ಪಲಿಲ್ಲ. ದಂಡ ಹಾಕಿದರು, ಹದಿನಾಲ್ಕು ದಿನ ಜೈಲಿಗೆ ಹಾಕಿದರು, ಗುಡಿಯನ್ನೂ ಕೆಡವಿದರು. ನೆಲಕ್ಕೆ ಒಡೆಯರಿದ್ದರು, ಸಮುದ್ರಕ್ಕೆ ಇರಲಿಲ್ಲ. ಸಾಧು ಸೈಕಲ್ಲಿಗೆ ಬಕೆಟ್ ಕಟ್ಟಿಕೊಂಡು, ಇಳಿತ ಕಾದು, ಕಲ್ಲು ಸಿಮೆಂಟು ಸಾಗಿಸಿ ಕೆಸರಿನಲ್ಲಿ ದಾರಿ ಮಾಡಿದರು. ತುದಿಯಲ್ಲಿ ಗುಡಿ ಎಬ್ಬಿಸಿದರು. ಒಬ್ಬರೇ, ಸುಮಾರು ಇಪ್ಪತ್ತೈದು ವರ್ಷ. ಅಲೆ ತಿಂದುಹಾಕಿದ್ದನ್ನು ಮತ್ತೆ ಮತ್ತೆ ಕಟ್ಟಿದರು. ಈಗ ಇರುವ ಎಂಟು ಮೂಲೆಯ ಕಟ್ಟಡ 1995ರದ್ದು, ಭಾರತೀಯರು ಬಂದು 150 ವರ್ಷವಾದಾಗ ಸರ್ಕಾರವೇ ಸೇರಿ ಮಾಡಿಸಿದ್ದು.

ಕರಾವಳಿಯವರಿಗೆ ಭರತ ಇಳಿತ ಹೇಳಿಕೊಡಬೇಕಿಲ್ಲ. ಉಳಿದವರು ಅವತ್ತಿನ ಭರತದ ಹೊತ್ತು ಮೊಬೈಲಿನಲ್ಲಿ ನೋಡಿಕೊಳ್ಳಿ. ಭರತದಲ್ಲಿ ಗುಡಿ ನೀರಿನ ಮೇಲೆ ನಿಂತ ಹಾಗೆ ಕಾಣುತ್ತದೆ, ಫೋಟೋಗೆ ಚೆನ್ನ. ನನಗೆ ಇಳಿತವೇ ಇಷ್ಟ. ಆಗ ಸುತ್ತ ಬರೀ ಕೆಸರು, ಅದರಲ್ಲಿ ಹೆಜ್ಜೆ ಹಾಕುವ ನೀರುಹಕ್ಕಿಗಳು. ಆ ಮನುಷ್ಯ ಸೈಕಲ್ ತಳ್ಳಿದ್ದು ಎಂಥಾ ನೆಲದ ಮೇಲೆ ಅಂತ ಆಗ ಗೊತ್ತಾಗುತ್ತದೆ. ಪಕ್ಕದ ತೀರದಲ್ಲೇ ಹಿಂದೂಗಳ ದಹನ ಭೂಮಿ ಇದೆ. ಚಿತೆ ಉರಿಯುತ್ತಿದ್ದರೆ ಕ್ಯಾಮೆರಾ ಒಳಗಿಡಿ.

ಊಟ ಮುಗಿಸಿ ಮೂರೂವರೆಯೊಳಗೆ ಕರೋನಿ ಜೌಗು ಪ್ರದೇಶದ ದೋಣಿಗಟ್ಟೆಗೆ ಬನ್ನಿ. ರಾಜಧಾನಿಗೆ ವಾಪಸಾಗುವ ಹೆದ್ದಾರಿಯ ಪಕ್ಕದಲ್ಲೇ ಇದೆ. ದೋಣಿ ನಾಲ್ಕರ ಸುಮಾರಿಗೆ ಹೊರಡುತ್ತದೆ, ಹಿಂದಿನ ದಿನವೇ ಫೋನ್ ಮಾಡಿ ಜಾಗ ಹಿಡಿಯಿರಿ. ಸೊಳ್ಳೆಗೆ ಮುಲಾಮು, ಉದ್ದ ತೋಳಿನ ಅಂಗಿ, ದೂರದರ್ಶಕ ಇರಲಿ.

ಮೊದಲು ಕಾಂಡ್ಲಾ ಮರಗಳ ನಡುವಿನ ಕಾಲುವೆಯಲ್ಲಿ ದೋಣಿ ನಿಧಾನ ಸಾಗುತ್ತದೆ. ಕೊಂಬೆಯಲ್ಲಿ ಸುರುಳಿ ಸುತ್ತಿಕೊಂಡ ಹಾವನ್ನು ದೋಣಿಯವರು ತೋರಿಸುತ್ತಾರೆ. ಆಮೇಲೆ ವಿಶಾಲವಾದ ನೀರು, ಮಧ್ಯೆ ಒಂದು ಹಸಿರು ನಡುಗಡ್ಡೆ. ಎಂಜಿನ್ ನಿಲ್ಲಿಸುತ್ತಾರೆ. ಐದೂವರೆ ದಾಟಿದ ಮೇಲೆ ಮೂರು, ಐದು, ಹತ್ತು ಹೀಗೆ ಗುಂಪು ಗುಂಪಾಗಿ ಸ್ಕಾರ್ಲೆಟ್ ಐಬಿಸ್ ಬರುತ್ತವೆ. ಕುಂಕುಮದ ಕೆಂಪಲ್ಲ, ಅದಕ್ಕಿಂತ ಸ್ವಲ್ಪ ಕಿತ್ತಳೆ ಕಡೆ ವಾಲಿದ ಕೆಂಪು, ರೆಕ್ಕೆಯ ತುದಿ ಮಾತ್ರ ಕಪ್ಪು. ಮರಿಗಳು ಬೂದು ಬಣ್ಣ. ಏಡಿ, ಸೀಗಡಿ ತಿಂದು ತಿಂದು ಕೆಂಪಾಗುತ್ತವೆ. ಕೂತ ಮೇಲೂ ಜಾಗಕ್ಕೆ ಜಗಳ, ರೆಕ್ಕೆ ಬಡಿತ. ಬೆಳಕು ಇಳಿದ ಹಾಗೆ ಆ ಕೆಂಪೂ ಗಟ್ಟಿಯಾಗುತ್ತಾ ಹೋಗಿ ಕಪ್ಪಿಗೆ ಸೇರಿಬಿಡುತ್ತದೆ. ಇದು ಟ್ರಿನಿಡಾಡ್‌ನ ರಾಷ್ಟ್ರಪಕ್ಷಿ. ಕದ್ದು ಬೇಟೆಯಾಡುವವರು ಇದ್ದರು, 2018ರಲ್ಲಿ ಕಾನೂನು ಬಿಗಿ ಮಾಡಿ ಭಾರಿ ದಂಡ, ಜೈಲು ಎರಡೂ ಇಟ್ಟರು. ದೋಣಿ ದೂರದಲ್ಲೇ ನಿಲ್ಲುತ್ತದೆ, ಇನ್ನೂ ಹತ್ತಿರ ಹೋಗಿ ಅಂತ ಒತ್ತಾಯ ಮಾಡಬೇಡಿ.

ಹೆಜ್ಜೆ 6: ಡಾಂಬರಿನ ಕೆರೆ

ನೈಋತ್ಯದ ಲಾ ಬ್ರಿಯಾ ಊರಿನಲ್ಲಿ ಸುಮಾರು 100 ಎಕರೆ ಡಾಂಬರಿನ ಕೆರೆ ಇದೆ. ನೆಲದಡಿಯಿಂದ ತಾನಾಗಿ ಉಕ್ಕುವ ಡಾಂಬರು, ಜಗತ್ತಿನಲ್ಲಿ ಇಷ್ಟು ದೊಡ್ಡದು ಬೇರೆಲ್ಲೂ ಇಲ್ಲ. 1595ರಲ್ಲಿ ವಾಲ್ಟರ್ ರಾಲಿ ತನ್ನ ಹಡಗಿನ ಸಂದಿಗಳಿಗೆ ಇದನ್ನೇ ಮೆತ್ತಿಸಿಕೊಂಡ. ನೋಡಿದ ಕೂಡಲೇ ‘ಅಯ್ಯೋ ಇಷ್ಟೇನಾ’ ಅನ್ನಿಸಬಹುದು, ಪಾರ್ಕಿಂಗ್ ಜಾಗದ ಹಾಗಿದೆ. ಇಳಿದು ನಡೆದ ಮೇಲೆ ಹಾಗನ್ನಿಸುವುದಿಲ್ಲ. ಆನೆ ಚರ್ಮದಂಥ ಮಡಿಕೆಗಳು, ಒಂದೇ ಕಡೆ ನಿಂತರೆ ಮೆಲ್ಲಗೆ ಒಳಗಿಳಿಯುವ ಹೆಜ್ಜೆ. ಕೆಲವು ಕಡೆ ಮೆತ್ತಗಿದ್ದು ಅಪಾಯ, ಗೈಡ್ ಇಲ್ಲದೆ ಇಳಿಯಬೇಡಿ. ಚಪ್ಪಟೆ ಹಳೆ ಚಪ್ಪಲಿ ಹಾಕಿ. ಬೆಳಗ್ಗೆ ಬೇಗ ತಲುಪಿ, ಮಧ್ಯಾಹ್ನ ಕಪ್ಪು ನೆಲದ ಕಾವು ತಡೆಯಲಾಗದು. ರಸ್ತೆಯಲ್ಲಿ ಬರುವಾಗ ಊರಿನ ಮನೆಗಳನ್ನೂ ನೋಡಿ. ಕೆಳಗಿನ ಡಾಂಬರು ಸರಿದ ಹಾಗೆ ಮನೆ, ರಸ್ತೆ ಎಲ್ಲ ಓರೆಯಾಗುತ್ತವೆ.

ಹೆಜ್ಜೆ 7: ರಾಜಧಾನಿಯಲ್ಲಿ ಒಂದು ದಿನ

ಕ್ವೀನ್ಸ್ ಪಾರ್ಕ್ ಸವಾನಾ ಎಂಬ ದೊಡ್ಡ ಮೈದಾನದ ಸುತ್ತ ಬೆಳಗ್ಗೆ ಒಂದು ನಡಿಗೆ ಹಾಕಿ. ಪಶ್ಚಿಮ ಅಂಚಿನಲ್ಲಿ ಹಳೆಯ ಏಳು ಬಂಗಲೆಗಳಿವೆ. ಎಳನೀರು ಕುಡಿಯಿರಿ.

ಆಮೇಲೆ ಕ್ವೀನ್ಸ್ ಪಾರ್ಕ್ ಓವಲ್. ಪಂದ್ಯ ಇಲ್ಲದ ದಿನ ಕಚೇರಿಯಲ್ಲಿ ಕೇಳಿ, ಒಳಗೆ ಬಿಟ್ಟರೆ ಬಿಸಿಲು ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂರಿ. ಎದುರಿಗೆ ಹಸಿರು ಬೆಟ್ಟದ ಸಾಲು. 1971ರಲ್ಲಿ ಭಾರತ ವೆಸ್ಟ್ ಇಂಡೀಸನ್ನು ಮೊದಲ ಸಲ ಸೋಲಿಸಿದ್ದು ಇಲ್ಲೇ, ಗಾವಸ್ಕರ್ ಮೊದಲ ಟೆಸ್ಟ್ ಆಡಿದ್ದೂ ಇಲ್ಲೇ. ಕನ್ನಡಿಗರಿಗೆ 1976ರ ಏಪ್ರಿಲ್ ಇನ್ನೂ ಹತ್ತಿರದ್ದು. ಮೊದಲ ಇನಿಂಗ್ಸ್‌ನಲ್ಲಿ ನಮ್ಮ ಚಂದ್ರಶೇಖರ್ 6 ವಿಕೆಟ್ ತೆಗೆದರು. ಕೊನೆಗೆ ಗೆಲ್ಲಲು 403 ಬೇಕಿತ್ತು. ಗಾವಸ್ಕರ್ 102, ನಮ್ಮ ವಿಶಿ, ಅಂದರೆ ಜಿ.ಆರ್. ವಿಶ್ವನಾಥ್, 112. ನಾಲ್ಕೇ ವಿಕೆಟ್ ಕಳೆದುಕೊಂಡು 406 ಹೊಡೆದರು. ಟೆಸ್ಟ್‌ನಲ್ಲಿ ಅಷ್ಟು ದೊಡ್ಡ ಮೊತ್ತ ಬೆನ್ನಟ್ಟಿ ಗೆದ್ದ ಆ ದಾಖಲೆ 2003ರವರೆಗೂ ನಿಂತಿತ್ತು. ರೇಡಿಯೋ ಕಾಲದ ಅಪ್ಪ, ದೊಡ್ಡಪ್ಪ ಯಾರಾದರೂ ಮನೆಯಲ್ಲಿದ್ದರೆ ಅಲ್ಲಿಂದಲೇ ವಿಡಿಯೋ ಕಾಲ್ ಮಾಡಿ. ಅಲ್ಲಿ ಬೆಳಗ್ಗೆ ಹನ್ನೊಂದೂವರೆ ಆದರೆ ನಮ್ಮಲ್ಲಿ ರಾತ್ರಿ ಒಂಬತ್ತು, ಎದ್ದಿರುತ್ತಾರೆ ಅಲ್ವಾ?

ಜನವರಿ, ಫೆಬ್ರವರಿಯಲ್ಲಿ ಹೋದವರು ರಾತ್ರಿ ಒಂದು ಪ್ಯಾನ್ ಯಾರ್ಡ್‌ಗೆ ಹೋಗಲೇಬೇಕು. ಕಾರ್ನಿವಲ್ ಸ್ಪರ್ಧೆಗೆ ಸ್ಟೀಲ್‌ಪ್ಯಾನ್ ತಂಡಗಳು ಅಭ್ಯಾಸ ಮಾಡುವ ಬಯಲು ಅದು. ತೈಲದ ಖಾಲಿ ಡ್ರಮ್ಮನ್ನು ಬಡಿದು ಬಡಿದು ಸ್ವರ ಕೂರಿಸಿದ ವಾದ್ಯ ಇದು, ಕಳೆದ ಶತಮಾನದಲ್ಲಿ ಈ ದ್ವೀಪದಲ್ಲೇ ಹುಟ್ಟಿತು. ಒಂದೇ ಸಾಲನ್ನು ನೂರು ಜನ ಇಪ್ಪತ್ತು ಸಲ ನುಡಿಸುವುದನ್ನು ಮಾರು ದೂರದಲ್ಲಿ ನಿಂತು ಕೇಳಿದರೆ ನಾದ ಎದೆಗೂಡಿನೊಳಗೇ ಮಿಡಿಯುತ್ತದೆ. ವೇದಿಕೆಯ ಮೇಲಿನ ಫೈನಲ್‌ಗಿಂತ ನನಗೆ ಇದೇ ಹೆಚ್ಚು.

ಹೆಜ್ಜೆ 8: ಉತ್ತರದ ಬೀಚು, ಪೂರ್ವದ ಆಮೆ

ಮರಕಾಸ್ ಬೇ ಬೀಚಿಗೆ ಬೆಟ್ಟದ ರಸ್ತೆಯಲ್ಲಿ ಮುಕ್ಕಾಲು ಗಂಟೆ. ವಾರದ ದಿನ ಹೋಗಿ, ಭಾನುವಾರ ಕಾಲಿಡಲು ಜಾಗ ಇರುವುದಿಲ್ಲ. ಮೀನು ತಿನ್ನುವವರಿಗೆ ಅಲ್ಲಿಯ ‘ಬೇಕ್ ಆ್ಯಂಡ್ ಶಾರ್ಕ್’ ಹೆಸರುವಾಸಿ. ನೀರಿನ ಸೆಳೆತ ಜೋರು, ಕಾವಲಿನವರು ನೆಟ್ಟ ಬಾವುಟಗಳ ನಡುವೆಯೇ ಇಳಿಯಿರಿ.

ಆಮೆಗೆ ಮಟೂರಾ ಅಥವಾ ಗ್ರಾಂಡ್ ರಿವಿಯೇರ್. ಮಾರ್ಚ್ 1ರಿಂದ ಆಗಸ್ಟ್ 31ರವರೆಗೆ ಈ ತೀರಗಳಿಗೆ ರಾತ್ರಿ ಪರ್ಮಿಟ್ ಮತ್ತು ಗೈಡ್ ಬೇಕು. ಮಟೂರಾದಲ್ಲಿ ಊರಿನವರೇ ಕಟ್ಟಿಕೊಂಡ ನೇಚರ್ ಸೀಕರ್ಸ್ ಸಂಸ್ಥೆ ಎಲ್ಲ ನೋಡಿಕೊಳ್ಳುತ್ತದೆ. ಗ್ರಾಂಡ್ ರಿವಿಯೇರ್ ದೂರ, ಅಲ್ಲೇ ರಾತ್ರಿ ಉಳಿಯುವುದು ಒಳ್ಳೆಯದು. ಬರುವುದು ಲೆದರ್‌ಬ್ಯಾಕ್ ಆಮೆ, ಮಂಚದಷ್ಟು ಉದ್ದ, 400 ಕಿಲೋಗೂ ಜಾಸ್ತಿ ತೂಗುವಂಥದ್ದು. ಅದು ಗುಂಡಿ ತೋಡಿ ಮೊಟ್ಟೆ ಇಡಲು ಶುರು ಮಾಡುವ ತನಕ ಹತ್ತಿರ ಹೋಗುವ ಹಾಗಿಲ್ಲ. ಫ್ಲ್ಯಾಶ್ ಇಲ್ಲ, ಟಾರ್ಚ್ ಇಲ್ಲ, ಗೈಡ್ ಕೈಯ ಕೆಂಪು ಬೆಳಕು ಮಾತ್ರ. ಹಿಂಗಾಲನ್ನು ಬೊಗಸೆಯ ಹಾಗೆ ಮಡಚಿ ಒಂದೊಂದೇ ಹಿಡಿ ಮರಳು ಎತ್ತಿ ಪಕ್ಕಕ್ಕಿಡುತ್ತದೆ, ಹಿಂದೆ ತಿರುಗಿ ನೋಡುವುದೂ ಇಲ್ಲ. ಮಕ್ಕಳಿದ್ದರೆ ಮಧ್ಯಾಹ್ನವೇ ಮಲಗಿಸಿ ಕರೆದುಕೊಂಡು ಹೋಗಿ.

ಹೆಜ್ಜೆ 9: ದಿನ ಉಳಿದರೆ ಟೊಬಾಗೋ

ವಿಮಾನದಲ್ಲಿ ಅರ್ಧ ಗಂಟೆಯೊಳಗೆ, ಹಡಗಿನಲ್ಲಿ ನಾಲ್ಕು ಗಂಟೆ ಹತ್ತಿರ. ಎರಡು ದಿನ ಸಾಕು. ಪಿಜನ್ ಪಾಯಿಂಟ್ ತೀರ, ಬುಕೂ ಹವಳದ ದಿಬ್ಬ, ಸಮುದ್ರದ ಮಧ್ಯೆ ಸೊಂಟದ ಮಟ್ಟದ ನೀರಿರುವ ನೈಲಾನ್ ಪೂಲ್. ಹವಳದ ಮೇಲೆ ಕಾಲಿಡಬೇಡಿ. 1776ರಲ್ಲೇ ಕಾನೂನಿನಿಂದ ಕಾಪಾಡಿದ ಮೇನ್ ರಿಡ್ಜ್ ಕಾಡಿಗೆ ಒಂದು ಬೆಳಗ್ಗೆ ಇಡಿ.

ವಾಪಸ್ ಹೊರಡುವಾಗ ಕುಚೇಲಾ ಬಾಟಲಿಯನ್ನು ಕವರಿನಲ್ಲಿ ಸುತ್ತಿ ಚೆಕ್‌ಇನ್ ಪೆಟ್ಟಿಗೆಗೆ ಹಾಕಿ, ಎಣ್ಣೆ ಸೋರುತ್ತದೆ. ಹಳದಿ ಕಾರ್ಡ್ ಮಾತ್ರ ಪಾಸ್‌ಪೋರ್ಟ್ ಜೊತೆ ಕೈಚೀಲದಲ್ಲೇ ಇರಲಿ. ಇಲ್ಲಿ ಇಳಿದ ಮೇಲೆ ಇಮಿಗ್ರೇಷನ್‌ಗೂ ಮೊದಲು ಕೇಳುವುದು ಅದನ್ನೇ.